ಸಹಾಯ ಬೇಕು: ಬೀಫ್ ಬರ್ಗರ್ ಬಿಟ್ಟು ಚಿಕನ್ ಬರ್ಗರ್ ಹಿಡಿದ್ರೆ ಕೊಲೆಸ್ಟ್ರಾಲ್ ಇಳಿಯುತ್ತಾ?

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಡಾಕ್ಟರ್, ಡಯಟಿಷಿಯನ್ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ನನ್ನ ತಮ್ಮ ಡಲ್ಲಾಸ್‌ನಲ್ಲಿದ್ದಾನೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದ್ರೆ ಕೆಟ್ಟ ಕೊಲೆಸ್ಟ್ರಾಲ್, ಜಾಸ್ತಿ ಬಂದಿದೆ. "ಬೀಫ್ ಬರ್ಗರ್ ಬಿಟ್ಟು ಟರ್ಕಿ ಕೋಳಿ, ಚಿಕನ್ ಶುರು ಮಾಡಿದ್ದೀನಿ ಅಕ್ಕ, ಇನ್ನೇನೂ ಭಯ ಇಲ್ಲ" ಅಂತಾನೆ. ನನಗ್ಯಾಕೋ ಅಷ್ಟು ಸಲೀಸು ಅನ್ನಿಸ್ತಿಲ್ಲ.

ಅವನು ಕಳಿಸಿದ ಫೋಟೋದಲ್ಲಿ ಟರ್ಕಿ ಕೈಮಾ ಪ್ಯಾಕೆಟ್ ಮೇಲೆ 85/15 ಅಂತಿದೆ. ಅಂದ್ರೆ ತೂಕದಲ್ಲಿ ನೂರಕ್ಕೆ 15 ಭಾಗ ಕೊಬ್ಬು. ಅಲ್ಲಿ 90/10 ಬೀಫ್ ಕೈಮಾನೂ ಸಿಗುತ್ತಲ್ಲ, ಹಾಗಾದ್ರೆ ಕೊಬ್ಬು ಯಾವುದರಲ್ಲಿ ಜಾಸ್ತಿ ಆಯ್ತು? ಚರ್ಮ, ಕಾಲಿನ ಮಾಂಸ ಎಲ್ಲ ಸೇರಿಸಿ ಅರೆದ್ರೆ ಹಕ್ಕಿ ಮಾಂಸವೂ ಏನು ಕಮ್ಮಿ ಇಲ್ಲ. ಕೋಳಿ ಕೊಬ್ಬಲ್ಲಿ ಸ್ಯಾಚುರೇಟೆಡ್ (ಬೆಣ್ಣೆ, ತುಪ್ಪದಲ್ಲಿರೋ ಥರದ ಗಟ್ಟಿ ಕೊಬ್ಬು) ಪಾಲು ಕಡಿಮೆ, ಬೀಫಲ್ಲಿ ಕಬ್ಬಿಣ, ಸತು, ಬಿ12 ಹೆಚ್ಚು ಅನ್ನೋದು ಗೊತ್ತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕೆಂಪು ಮಾಂಸವನ್ನ 2ಎ ಪಟ್ಟಿಗೆ, ಅಂದ್ರೆ ಬಹುಶಃ ಕ್ಯಾನ್ಸರ್ ತರಬಹುದಾದ್ದು ಅಂತ, ಸೇರಿಸಿದ್ದೂ ಗೊತ್ತು. ಆದ್ರೆ ತಮ್ಮನ ಎಲ್‌ಡಿಎಲ್‌ಗೆ ನೋಡಬೇಕಾದ್ದು ಒಟ್ಟು ಕೊಬ್ಬೋ, ಸ್ಯಾಚುರೇಟೆಡ್ ಮಾತ್ರವೋ?

ಇಲ್ಲಿ ಚಿಕ್ಕಮಗಳೂರಲ್ಲಿ ನನ್ನ ಮಗಳದ್ದು ಬೇರೆ ಕಥೆ. ಎಂ.ಜಿ. ರೋಡ್ ಕಡೆ ಸಿಗೋ ಚಿಕನ್ ಬರ್ಗರ್ ನೋಡಿದ್ದೀರಲ್ಲ: ಮೈದಾ, ಬ್ರೆಡ್ ಪುಡಿ ಹೊದಿಸಿ ಎಣ್ಣೇಲಿ ಕರಿದು, ಮೇಲೆ ಮೇಯನೇಸ್ ಸುರಿದು, ಹಿಡ್ಕೊಂಡ ಕಾಗದವೆಲ್ಲ ಜಿಡ್ಡು. ಕೋಳಿ ಅನ್ನೋದು ಹೆಸರಿಗಷ್ಟೆ. ಅದಕ್ಕಿಂತ ಮನೇಲಿ ಕೋಳಿ ಸಾರು, ಕಡುಬು ತಿನ್ನಲಿ ಅಂತ ನನ್ನ ವಾದ. ಯಾರು ಕೇಳ್ತಾರೆ!

ಎದೆ ಭಾಗದ ಕೈಮಾದಲ್ಲಿ ಪ್ಯಾಟಿ ಮಾಡೋರು ಇದ್ರೆ ಅದೂ ಹೇಳಿ. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬೇಯಬೇಕು, ಅಷ್ಟು ಬೆಂದ್ರೆ ಕಾವಲಿ ಮೇಲೆ ಒಣಗಿ ಪುಡಿಪುಡಿ ಆಗುತ್ತೆ. ಫಾರ್ವರ್ಡ್ ಮೆಸೇಜ್ ಮಾತ್ರ ಬೇಡ.