ಸಹಾಯ ಬೇಕು: ಕ್ಯೂಜಿಐಎಸ್‌ನ 3ಡಿ ನೋಟದಲ್ಲಿ ಗುಡ್ಡ ಚಪ್ಪಟೆಯಾಗಿ ಕಾಣ್ತಿದೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ನಾಲ್ಕು ಎಕರೆ ಅಡಿಕೆ ತೋಟ ಇದೆ. ಮೇಲಿನ ಗುಡ್ಡದ ಮಳೆನೀರು ಯಾವ ದಾರಿಯಲ್ಲಿ ಇಳಿದು ಬರುತ್ತದೆ ಅಂತ ನೋಡಿ, ಅದಕ್ಕೆ ತಕ್ಕಂತೆ ಬಸಿಗಾಲುವೆ ತೆಗೆಸಬೇಕು. ಅದಕ್ಕಾಗಿ ಹದಿನೈದು ದಿನದಿಂದ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶ ಕಲಿಯುತ್ತಿದ್ದೇನೆ.

2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ, ಎಸ್‌ಆರ್‌ಟಿಎಂ ಅನ್ನೋ ನೆಲದ ಎತ್ತರದ ಡೇಟಾ ಇಳಿಸಿಕೊಂಡೆ. ಮೊದಲು ಹಿಲ್‌ಶೇಡ್ (ಗುಡ್ಡ ಕಣಿವೆಗಳನ್ನು ನೆರಳು ಬೆಳಕಿನಲ್ಲಿ ತೋರಿಸುವುದು) ಹಾಕಿದಾಗ ಬರೀ ಕಪ್ಪು ಬಿಳುಪು ಚುಕ್ಕೆ. ಉದ್ದ ಅಗಲ ಡಿಗ್ರಿಯಲ್ಲಿದೆ, ಎತ್ತರ ಮೀಟರ್‌ನಲ್ಲಿದೆ, ಅದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು. ವಾರ್ಪ್ ಅನ್ನೋ ಸಾಧನದಿಂದ ಡೇಟಾವನ್ನು ಇಪಿಎಸ್‌ಜಿ 32643ಕ್ಕೆ, ಅಂದರೆ ಉದ್ದ ಅಗಲವನ್ನೂ ಮೀಟರ್‌ನಲ್ಲಿ ಅಳೆಯುವ ನಕ್ಷೆ ಪದ್ಧತಿಗೆ, ಬದಲಾಯಿಸಿದೆ. ಕಣಿವೆಗಳು ಒಂದೊಂದಾಗಿ ಎದ್ದು ಬಂದವು. ಮನೆ ಹಿಂದಿನ ಹಳ್ಳವನ್ನೂ ಗುರುತಿಸಿದೆ. ಅವತ್ತು ತುಂಬಾ ಖುಷಿಯಾಯಿತು.

ಈಗ ಸಿಕ್ಕಿಹಾಕಿಕೊಂಡಿರುವುದು 3ಡಿ ನೋಟದಲ್ಲಿ. ವ್ಯೂ ಮೆನುವಿನಿಂದ ಹೊಸ ಕಿಟಕಿ ತೆರೆದರೆ ಗುಡ್ಡ ತಟ್ಟೆ ಥರ ಮಲಗಿದೆ. ಟೆರೇನ್‌ಗೆ (ನೆಲದ ಏರಿಳಿತಕ್ಕೆ) ಎತ್ತರದ ಲೇಯರ್ ಆರಿಸಬೇಕು ಅಂತಾರೆ. ಆ ಆಯ್ಕೆ ಎಲ್ಲಿದೆ? ಲಂಬ ಅಳತೆ ಎಷ್ಟಿಟ್ಟರೆ ಇಳಿಜಾರು ಸರಿಯಾಗಿ ಕಾಣುತ್ತದೆ?

ಪ್ಯಾನೆಲ್‌ಗಳೂ ಜಾಸ್ತಿ. ಸಾಧನಗಳ ಪಟ್ಟಿ ಇರುವ ಪ್ರೊಸೆಸಿಂಗ್ ಟೂಲ್‌ಬಾಕ್ಸ್ ಮುಚ್ಚಿಹೋಗಿ ಒಂದು ಸಂಜೆ ಪೂರ್ತಿ ಹುಡುಕಿದೆ, ಕಂಟ್ರೋಲ್ ಆಲ್ಟ್ ಟಿ ಒತ್ತಿದರೆ ಬರುತ್ತದಂತೆ. ದಿನಾ ಬಳಸುವವರು ಯಾವ್ಯಾವುದನ್ನು ತೆರೆದಿಡುತ್ತೀರಿ?

ಇನ್ನೊಂದು ಮಾತು. ಈ ಡೇಟಾದ ಒಂದು ಚೌಕ ಸುಮಾರು 30 ಮೀಟರ್. ನಮ್ಮ ತೋಟಕ್ಕೆ ಬರೀ 18 ಚೌಕ ಬರುತ್ತವೆ. ಗುಡ್ಡಕ್ಕೆ ಇದು ಸಾಕು, ಆದರೆ ತೋಟದೊಳಗಿನ ಇಳಿಜಾರನ್ನು ನಾವೇ ಅಳೆಯಬೇಕು ಅಲ್ವಾ? ಅಳೆದ ಎತ್ತರಗಳನ್ನು ಇದಕ್ಕೆ ಸೇರಿಸಿದವರಿದ್ದರೆ ದಯವಿಟ್ಟು ಹೇಳಿ. ಮಳೆ ಹಿಡಿಯುವ ಮೊದಲೇ ಕಾಲುವೆ ಕೆಲಸ ಮುಗಿಸಬೇಕು.