ಊಟಿ ಆಲೂಗಡ್ಡೆ: ಗೊಬ್ಬರ ಜಾಸ್ತಿ ಹಾಕಿದರೂ ಮೂಟೆ ಕಮ್ಮಿ, ಯಾಕೆ?

ಇಳಿಜಾರು_ಹೊಲ:
ಊಟಿ ಪಕ್ಕ ನಮ್ಮದು ಒಂದೇ ಎಕರೆ, ಅದೂ ಇಳಿಜಾರು. ವರ್ಷಕ್ಕೆ ಎರಡು ಸಲ ಕುಫ್ರಿ ಜ್ಯೋತಿ ತಳಿಯ ಆಲೂ ಹಾಕುತ್ತೇವೆ. ಗೊಬ್ಬರ ಏರಿಸುತ್ತಲೇ ಇದ್ದೇವೆ, ಮೂಟೆ ಇಳಿಯುತ್ತಲೇ ಇದೆ. ಕೆಳಗಿನ ಹೊಲದವರು ನಮಗಿಂತ ಕಮ್ಮಿ ಖರ್ಚಿನಲ್ಲಿ ಜಾಸ್ತಿ ಕೀಳುತ್ತಾರೆ. ಅವರ ಮಣ್ಣೇ ಬೇರೆನಾ?

ಬೇರುನೋಡಿ:
ಗೊಬ್ಬರದ ಲೆಕ್ಕ ಆಮೇಲೆ, ಮೊದಲು ಬೇರು ನೋಡಿ. ನಾಟಿಯಾಗಿ ಎರಡು ತಿಂಗಳ ಹೊತ್ತಿಗೆ, ಬಿಸಿಲಿಗೆ ಬೇಗ ಸೊರಗುವ ಗಿಡ ಇರುತ್ತಲ್ಲ, ಅದನ್ನು ಮೆಲ್ಲಗೆ ಕಿತ್ತು ಮಣ್ಣು ಉದುರಿಸಿ. ಎಳೆ ಬೇರಿಗೆ ಗುಂಡುಸೂಜಿ ತಲೆಯಷ್ಟು ಬಿಳಿ ಇಲ್ಲವೇ ಹಳದಿ ಕಾಳು ಅಂಟಿದ್ದರೆ ಅದು ಸಿಸ್ಟ್ ನೆಮಟೋಡ್, ಅಂದರೆ ಬೇರು ಹೀರಿ ಕೆಡಿಸುವ ಸಣ್ಣ ಹುಳು. ಭಾರತದಲ್ಲಿ ಇದು ಮೊದಲು ಸಿಕ್ಕಿದ್ದೇ ನೀಲಗಿರಿಯಲ್ಲಿ, 1961ರಲ್ಲಿ. ಒಂದೊಂದು ಕಾಳಿನಲ್ಲೂ ನೂರಾರು ಮೊಟ್ಟೆ. ಆಲೂ ಇಲ್ಲದಿದ್ದರೂ ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿದ್ದು, ಆಲೂ ಬೇರು ಬಿಟ್ಟಾಗ ಒಡೆದು ಹೊರಗೆ ಬರುತ್ತವೆ. ಬೇರೇ ಕೆಟ್ಟ ಮೇಲೆ ಗೊಬ್ಬರ ಹೀರುವವರು ಯಾರು? ಕ್ಯಾರೆಟ್, ಎಲೆಕೋಸು, ಬೆಳ್ಳುಳ್ಳಿ ಸರದಿ ಮೇಲೆ ಹಾಕಿ. ಟೊಮೆಟೊ, ಬದನೆ ಬೇಡ, ಹುಳುವಿಗೆ ಅವೂ ಆಗುತ್ತವೆ.

ಮುಂಗಾರು:
ತಳಿ ಕೂಡ ಬದಲಿಸಿ. ಜ್ಯೋತಿ ಈ ಹುಳುವನ್ನು ತಡೆಯುವುದಿಲ್ಲ. ಕುಫ್ರಿ ಸ್ವರ್ಣ, ನೀಲಿಮಾ, ಸಹ್ಯಾದ್ರಿ ತಡೆಯುತ್ತವೆ, ಎಲೆ ಕೊಳೆಸುವ ಅಂಗಮಾರಿ ರೋಗವನ್ನೂ ತಕ್ಕಮಟ್ಟಿಗೆ ತಾಳುತ್ತವೆ. ಮುತ್ತೋರೈ ಆಲೂಗಡ್ಡೆ ಸಂಶೋಧನಾ ಕೇಂದ್ರ ನಿಮಗೆ ಹತ್ತಿರವೇ ಅಲ್ವಾ, ಬೀಜ ಯಾವಾಗ ಸಿಗುತ್ತದೆ ಅಂತ ವಿಚಾರಿಸಿ. ಮಾರಾಟವಾಗದೆ ಉಳಿದ ಗೋಲಿ ಗಡ್ಡೆಯನ್ನೇ ವರ್ಷ ವರ್ಷ ಬೀಜಕ್ಕೆ ಇಟ್ಟುಕೊಂಡರೆ ವೈರಸ್ ಸೇರಿಕೊಂಡು ಇಳುವರಿ ಇನ್ನೂ ಬೀಳುತ್ತದೆ.

ಹಾಸನ_ರೈತ:
ನಮ್ಮದು ಬೆಟ್ಟ ಅಲ್ಲ, ಆದರೂ ಒಂದು ಮಾತು. ನಮ್ಮ ಕಡೆ ಪಂಜಾಬಿನ ಜಲಂಧರ್‌ನಿಂದ ಬರುವ ಬೀಜದ ಗಡ್ಡೆಗೇ ಅರ್ಧ ದುಡ್ಡು ಹೋಗುತ್ತದೆ. ಅದಕ್ಕೇ ಎಕರೆಗೆ ಎಷ್ಟು ಅಂತ ಕೇಳುವುದಕ್ಕಿಂತ, ಒಂದು ಮೂಟೆ ಬೀಜಕ್ಕೆ ಎಷ್ಟು ಮೂಟೆ ಬಂತು ಅಂತ ಕೇಳುತ್ತೇವೆ. ನೀವೂ ಹಾಗೇ ಬರೆದಿಡಿ, ಗೊಬ್ಬರ, ಕೂಲಿ ಸೇರಿಸಿ. ಮೂಟೆ ಕಮ್ಮಿ ಬಂದರೂ ಲಾಭ ಜಾಸ್ತಿ ಉಳಿಯುವ ವರ್ಷ ಇರುತ್ತದೆ.

ಇಳಿಜಾರು_ಹೊಲ:
ಕೆಳಗಿನವರು ಕಳೆದ ಸಲ ಕ್ಯಾರೆಟ್ ಹಾಕಿದ್ದರು, ನಿಜ. ಆದರೆ ಮಳೆ ನೀರು ನಮ್ಮ ಹೊಲದಿಂದಲೇ ಅವರಲ್ಲಿಗೆ ಹರಿಯುತ್ತದೆ. ಹುಳು ಹೋಗಲ್ವಾ?

ಬೇರುನೋಡಿ:
ಖಂಡಿತ ಹೋಗುತ್ತದೆ. ನೀರಲ್ಲಿ, ಗುದ್ದಲಿಯಲ್ಲಿ, ಬೂಟಿನಲ್ಲಿ, ಬೀಜಕ್ಕೆ ಅಂಟಿದ ಮಣ್ಣಲ್ಲಿ. ನೀಲಗಿರಿಯ ಬೀಜದ ಗಡ್ಡೆ ಹೊರ ರಾಜ್ಯಕ್ಕೆ ಹೋಗದಂತೆ ತಡೆ ಹಾಕಿದ್ದೂ ಅದಕ್ಕೇ. ಸಾಲನ್ನು ಇಳಿಜಾರಿಗೆ ಅಡ್ಡಲಾಗಿ ಎಳೆಯಿರಿ, ಕೆಳಗಂಚಿನಲ್ಲಿ ಹುಲ್ಲು ಬಿಡಿ. ಸರದಿ ಬೆಳೆಯನ್ನು ಅವರ ಜೊತೆ ಮಾತಾಡಿಕೊಂಡೇ ಹಾಕಿ.