ನರ ಅಂದರೆ ಯಾವ ನರ?

ಗೆಳೆಯರೇ,

ಒಂದು ಪುಟ್ಟ ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿದೆ. ಪದ: ನರ.

ಹೋದ ತಿಂಗಳು ನಮ್ಮ ದೊಡ್ಡವ್ವನನ್ನು ಕೊಪ್ಪಳದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಅವರಿಗೆ 20 ವರ್ಷದಿಂದ ಶುಗರ್. ಅಂಗಾಲು ಉರಿ, ಕಾಲ್ಬೆರಳಿಗೆ ಜೋಮು. ಡಾಕ್ಟರು ನೋಡಿ, "ಶುಗರ್‌ನಿಂದ ನಿಮ್ಮ ನರ ಸೊರಗ್ಯಾವ್ರಿ ಅಮ್ಮ" ಅಂದರು. ಸಂಜೆ ಸಲೈನ್ ಹಚ್ಚಲು ಬಂದ ಸಿಸ್ಟರ್ ಕೈ ತಟ್ಟಿ ತಟ್ಟಿ ನೋಡಿ, "ನರ ಸಿಗವಲ್ದು" ಅಂದರು. ಎರಡು ಕಡೆ ಚುಚ್ಚಿದರು. ದೊಡ್ಡವ್ವ ಕೈ ಎಳೆದುಕೊಂಡುಬಿಟ್ಟರು. "ಮೊದ್ಲ ಸೊರಗಿದ ನರ, ಮತ್ತ ಅದನ್ನ ಚುಚ್ಚತೀರೇನ?" ಆ ರಾತ್ರಿ ಸಲೈನ್ ಹಾಕಿಸಿಕೊಳ್ಳಲೇ ಇಲ್ಲ.

ಡಾಕ್ಟರು ಹೇಳಿದ್ದೂ ಸರಿ, ಸಿಸ್ಟರ್ ಹೇಳಿದ್ದೂ ಸರಿ. ಒಬ್ಬರ ನರದಲ್ಲಿ ಮಿದುಳಿನ ಸುದ್ದಿ ಹೋಗುತ್ತದೆ, ಇನ್ನೊಬ್ಬರ ನರದಲ್ಲಿ ರಕ್ತ ಹರಿಯುತ್ತದೆ. ಕೇಳಿದ ದೊಡ್ಡವ್ವನಿಗೆ ಮಾತ್ರ ಎರಡೂ ಒಂದೇ.

ನಮ್ಮ ಕಡೆ ಮಾತಿನಲ್ಲಿ ಮೂರು ಬೇರೆ ಬೇರೆ ವಸ್ತುಗಳಿಗೆ ನರ ಅನ್ನುತ್ತೇವೆ. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದು ನರ. ಚೀಲ ಎತ್ತಿದಾಗ ಮೊಣಕಾಲ ಹಿಂದೆ "ನರ ಜಗ್ಗತೈತಿ" ಅನ್ನುತ್ತೇವಲ್ಲ, ಅದು ಜಾಸ್ತಿ ಸಲ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಹುರಿ. ಇನ್ನು ಪಾಠದ ಪುಸ್ತಕದ ನರ ಮೂರನೆಯದು. ಆದರೆ ಆ ಮೂರನೆಯದು ಕೆಟ್ಟಾಗ ಹಳ್ಳಿಯಲ್ಲಿ ನರದ ಹೆಸರು ಎತ್ತುವವರು ಕಡಿಮೆ. ಜೋಮು ಹಿಡಿದಿದೆ ಅನ್ನುತ್ತಾರೆ.

ಇದು ನಮ್ಮ ಜನರ ತಿಳಿವಳಿಕೆಯ ಕೊರತೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಓಣಿಯಲ್ಲಿ ಉರ್ದು ಆಡುವವರ 'ನಸ್' ಕೂಡ ಹೀಗೇ: ಸೂಜಿ ಚುಚ್ಚುವುದೂ ನಸ್, ಹಿಡಿದುಕೊಳ್ಳುವುದೂ ನಸ್. ತಮಿಳಿನ 'ನರಂಬು' ಯಾಳ್ ಅನ್ನುವ ಹಳೆಯ ತಂತಿವಾದ್ಯದ ತಂತಿಗೂ ಹೆಸರು. ಗ್ರೀಕರ 'ನ್ಯೂರಾನ್' ಮೊದಲು ಹುರಿ, ಬಿಲ್ಲಿನ ಹೆದೆ ಅನ್ನುವ ಅರ್ಥದ್ದೇ. ಜರ್ಮನಿಯ ವಿಜ್ಞಾನಿ ವಾಲ್ಡೇಯರ್ 1891ರಲ್ಲಿ ಆ ಪದವನ್ನು ಸುದ್ದಿ ಸಾಗಿಸುವ ಕೋಶಕ್ಕೆ ಇಟ್ಟ ಮೇಲೆ ಅದಕ್ಕೆ ಈಗಿನ ಅರ್ಥ ನಿಂತಿತು. ಕೊಯ್ದು ನೋಡಿದರೆ ನರವೂ ಬಿಳಿ ಹುರಿ, ಸ್ನಾಯು ಕಟ್ಟುವುದೂ ಬಿಳಿ ಹುರಿ. ಕಣ್ಣಿಗೆ ಕಂಡಂತೆ ಹೆಸರಿಟ್ಟರು, ಅಷ್ಟೇ. ಸಂಸ್ಕೃತದ 'ಸ್ನಾಯು' ಪಾಡೂ ಇದೇ ಅಲ್ವಾ? ಹಳೆಯ ಆಯುರ್ವೇದದಲ್ಲಿ ಅದು ಕೀಲು ಬಿಗಿಯುವ ಹುರಿ, ಬಂಗಾಳಿಯಲ್ಲಿ ನರ, ನಮಗೂ ಮರಾಠಿಗರಿಗೂ ಮಾಂಸಖಂಡ.

ಎರಡನೇ ತೊಡಕು ನನ್ನ ತರಗತಿಯಲ್ಲಿ ಎದುರಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 'ನರಕೋಶ' ಅಂತ ಬೋರ್ಡಿನ ಮೇಲೆ ಬರೆದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಇದು ಮನುಷ್ಯರಿಗಷ್ಟ ಇರ್ತೈತೇನ್ರಿ? ಆಡಿಗೆ ಇರಂಗಿಲ್ಲಾ?" ನರಬಲಿ, ನರಭಕ್ಷಕ ಓದಿದ ಮಗು ನರಕೋಶವನ್ನು ಮನುಷ್ಯನ ಕೋಶ ಅಂದುಕೊಂಡದ್ದರಲ್ಲಿ ತಪ್ಪೇನಿದೆ? ಅಲ್ಲಿಂದ ನಾನು 'ನರದ ಕೋಶ', 'ನರದ ಅಂಗಾಂಶ' ಅಂತಲೇ ಬರೆಯುತ್ತಿದ್ದೇನೆ. ಮನುಷ್ಯ ಆಗಿದ್ದರೆ 'ನರನ' ಆಗುತ್ತಿತ್ತು. ನಡುವೆ ಒಂದು 'ದ' ಬಂದರೆ ಗೊಂದಲ ಹೋಯಿತು. ಪಠ್ಯ ಬರೆಯುವವರು ಇದನ್ನು ಯೋಚಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನರದ ಕೋಶ ಬೇರೆ, ನರ ಬೇರೆ ಅನ್ನುವುದೂ ಇದರಿಂದ ಸುಲಭವಾಗಿ ತಿಳಿಯುತ್ತದೆ. ನರ ಅಂದರೆ ಸಾವಿರಾರು ಕೋಶಗಳ ಎಳೆಗಳನ್ನು ಕೂಡಿಸಿದ ಕಟ್ಟು. ಕೋಶದ ಒಡಲು ಬೆನ್ನುಹುರಿಯ ಹತ್ತಿರ ಇದ್ದರೆ, ಅದರ ಎಳೆ ಸುಮಾರು 1 ಮೀಟರ್ ಉದ್ದ ಸಾಗಿ ಕಾಲ್ಬೆರಳು ಮುಟ್ಟುತ್ತದೆ. ಶುಗರ್ ಇದ್ದವರಲ್ಲಿ ಉದ್ದನೆಯ ಎಳೆಗಳು ಮೊದಲು ಸೊರಗುತ್ತವೆ. ಅದಕ್ಕೇ ಜೋಮು ಪಾದದಿಂದ ಶುರುವಾಗುತ್ತದೆ, ಗಾಯವಾದರೂ ಗೊತ್ತಾಗುವುದಿಲ್ಲ. ದಿನಾ ಪಾದ ನೋಡಿಕೊಳ್ಳಿ ಅಂತ ಹೇಳುವುದು ಇದಕ್ಕೇ.

ಮಕ್ಕಳಿಗಾಗಿ ಕೋಶಗಳ ಬಗ್ಗೆ ನಾನೊಂದು ಬರಹ ಬರೆಯುತ್ತಿದ್ದೇನೆ. ಅದರ ಕೊನೆಗೆ ಜಪಾನಿನ ವಿಜ್ಞಾನಿ ಯಮನಾಕ ಅವರ ಕೆಲಸ ಬರುತ್ತದೆ. 2006ರಲ್ಲಿ ಇಲಿಯ ಚರ್ಮದ ಕೋಶವನ್ನು, 2007ರಲ್ಲಿ ಮನುಷ್ಯರದನ್ನು, ಅವರು ಹಿಂದಕ್ಕೆ ತಿರುಗಿಸಿ ಏನು ಬೇಕಾದರೂ ಆಗಬಲ್ಲ ಕೋಶ ಮಾಡಿದರು. ಅದರಿಂದ ನರದ ಕೋಶವನ್ನೂ ಬೆಳೆಸಬಹುದು. ಇಂಗ್ಲಿಷಿನಲ್ಲಿ ಸ್ಟೆಮ್ ಸೆಲ್ ಅನ್ನುವ ಇಂಥ ಕೋಶಕ್ಕೆ 'ಕಾಂಡಕೋಶ' ಬೇಡ, ಮಕ್ಕಳು ಗಿಡದ ಕಾಂಡ ಅಂದುಕೊಳ್ಳುತ್ತಾರೆ. 'ಆಕರ ಕೋಶ' ಚೆನ್ನಾಗಿದೆ.

ಕ್ಲೋನ್‌ಗೆ 'ತದ್ರೂಪಿ' ಅನ್ನುವುದೂ ನನಗೆ ಹಿಡಿಸುತ್ತಿಲ್ಲ. ಕ್ಲೋನ್ ಅಂದರೆ ಒಂದೇ ಜೀವಿಯಿಂದ ಪಡೆದ, ಅದೇ ವಂಶವಾಹಿ ಇರುವ ಇನ್ನೊಂದು ಜೀವಿ. 2001ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿದ ಮೊದಲ ಕ್ಲೋನ್ ಬೆಕ್ಕಿನ ಮೈಬಣ್ಣ ಮೂಲ ಬೆಕ್ಕಿನಂತೆ ಇರಲೇ ಇಲ್ಲ. ರೂಪವೇ ಬೇರೆ ಆದಮೇಲೆ ತದ್ರೂಪಿ ಹೇಗೆ? ಗ್ರೀಕಿನಲ್ಲಿ ಆ ಪದದ ಮೂಲ ಅರ್ಥ ಚಿಗುರು ಕಡ್ಡಿ. 1903ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ವೆಬ್ಬರ್ ಅದನ್ನು ಮೊದಲು ಬಳಸಿದ್ದೂ ಗಿಡಗಳಿಗೇ. ಕುಷ್ಟಗಿ ಕಡೆ ದಾಳಿಂಬೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ. ಕೊಂಬೆಗೆ ಗಿಡದ ಮೇಲೇ ಬೇರು ಬರಿಸಿ ಕತ್ತರಿಸಿ ನೆಡುವ ಗೂಟಿ ಸಸಿಯೂ, ಲ್ಯಾಬಿನಲ್ಲಿ ಗಿಡದ ಚೂರಿನಿಂದ ಬೆಳೆಸುವ ಟಿಶ್ಯೂ ಸಸಿಯೂ ಕ್ಲೋನೇ. ಡಾಲಿ ಕುರಿ 1996ರಲ್ಲಿ ಒಂದು ಕುರಿಯ ಕೆಚ್ಚಲಿನ ಕೋಶದಿಂದ ಹುಟ್ಟಿತು. ಹುಟ್ಟಿಸಿದ ದಾರಿ ಬೇರೆ, ಆದರೂ ಗೂಟಿ ಒಂದೇ ಗಿಡದಿಂದ ಬಂದ ಹಾಗೆ ಡಾಲಿಯೂ ಒಂದೇ ಕುರಿಯಿಂದ ಬಂದದ್ದು ಅಂದಾಗ ಮಕ್ಕಳು ತಟ್ಟನೆ ಹಿಡಿದರು. ಹಾಗಾಗಿ ಕ್ಲೋನ್ ಅಂತಲೇ ಬರೆದು, ಗೂಟಿಯ ಮಾತು ಜೊತೆಗಿಡುತ್ತೇನೆ.

ಈಗ ನನ್ನ ಪ್ರಶ್ನೆ. ದೊಡ್ಡವ್ವ ಮರುದಿನ ಒಪ್ಪಿದ್ದು ನಾನು ಹೀಗೆ ಹೇಳಿದ ಮೇಲೆ: "ಜೋಮು ಹಿಡಿಯೋ ನರ ಬ್ಯಾರೆ, ರಕ್ತ ಹರಿಯೋ ನರ ಬ್ಯಾರೆ." ಆಗ ತಾವೇ ಕೈ ಚಾಚಿದರು. 'ರಕ್ತನಾಳ' ಅಂತ ಮೊದಲು ಹೇಳಿದ್ದೆ, ಅದು ಅವರಿಗೆ ಮುಟ್ಟಲಿಲ್ಲ. ಇಂಥ ಜೋಡಿ ಮಾತು ನಿಮ್ಮ ಕಡೆ ಮೊದಲೇ ಬಳಕೆಯಲ್ಲಿ ಇದೆಯಾ? ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರು, ಮುಖ್ಯವಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ. ಅಜ್ಜಿಯರು ಆಡುವ ಹಾಗೇ ಬರೆಯಿರಿ, ತಿದ್ದಬೇಡಿ.